ಗೆದ್ದಾಯ್ತು, ಇನ್ನೇನು ಮಾಡ್ತೀರಿ ಕೋಚ್?

ಕೆಲವು ವರ್ಷದ ಹಿಂದೆ, ಅಕ್ಟೋಬರ್ ತಿಂಗಳಲ್ಲಿ, ಅಮೆರಿಕದ ಟೆಕ್ಸಸ್ ರಾಜ್ಯದ ಡಲ್ಲಾಸ್ ಹತ್ತಿರ ಇರುವ ಅಣ್ಣನ ಮನೆಗೆ ಹೋಗಿದ್ದೆ. ಶುಕ್ರವಾರ ಸಂಜೆ ಅವನ ಮಗಳ ಹೈಸ್ಕೂಲಿನ ಫುಟ್‌ಬಾಲ್ ಮ್ಯಾಚಿಗೆ ಕರೆದುಕೊಂಡು ಹೋದರು. ಹುಡುಗಿ ಆಡುವುದಿಲ್ಲ, ಶಾಲೆಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಆದರೂ ಮನೆಮಂದಿಯೆಲ್ಲ ಹೊರಟ ರೀತಿ ನೋಡಿದರೆ ಊರ ಜಾತ್ರೆಗೆ ಹೊರಟ ಹಾಗಿತ್ತು. ಆಟ ಮುಗಿಯೋಕೆ ಎರಡು ನಿಮಿಷವೂ ಇರಲಿಲ್ಲ. ನಮ್ಮ ಕಡೆಯವರು 35 ಪಾಯಿಂಟ್ ಮುಂದೆ, ಎದುರಾಳಿಯ ಗೆರೆ ಇನ್ನು ಐದಾರು ಗಜ ದೂರ ಅಷ್ಟೆ. ಚೆಂಡು ಕೈಗೆ ಬಂದ ಹುಡುಗ ಓಡಲಿಲ್ಲ, ಎಸೆಯಲೂ ಇಲ್ಲ, ಸುಮ್ನೆ ಒಂದು ಮಂಡಿ ಊರಿಬಿಟ್ಟ. ನಾನು ಗಾಬರಿಯಾಗಿ ಎದ್ದು ನಿಂತು "ಅಯ್ಯೋ, ಹುಡುಗನಿಗೆ ಏನೋ ಆಯ್ತು ನೋಡು" ಅಂದೆ. ಅಣ್ಣ ನನ್ನ ಅಂಗಿ ಹಿಡಿದು ಕೂರಿಸಿದ. "ಏನೂ ಆಗಿಲ್ಲ ಕಣೋ. ಗೆದ್ದಾಯ್ತಲ್ಲ, ಇನ್ನು ಹೊಡೆಯೋದು ಬೇಡ ಅಂತ ಕೋಚ್ ಹೇಳಿರ್ತಾರೆ."

ಆ ಮಂಡಿಯ ಲೆಕ್ಕ ಅರ್ಥವಾದರೆ ಅಮೆರಿಕದ ಹೈಸ್ಕೂಲ್ ಫುಟ್‌ಬಾಲಿನ ಅರ್ಧ ಅರ್ಥವಾದ ಹಾಗೆ. ಅದಕ್ಕೇ ಅಲ್ಲಿಂದಲೇ ಶುರು ಮಾಡ್ತೀನಿ.

ಮೊದಲು ಆಟ. ಇದು ಕಾಲಲ್ಲಿ ಒದೆಯುವ ನಮ್ಮ ಫುಟ್‌ಬಾಲ್ ಅಲ್ಲ. ಒಂದೊಂದು ಕಡೆ 11 ಜನ, ತಲೆಗೆ ಹೆಲ್ಮೆಟ್ಟು, ಹೆಗಲಿಗೆ ಪ್ಯಾಡು, ಎರಡೂ ತುದಿ ಮೊನಚಾದ ಚೆಂಡು. ಮೈದಾನ 100 ಗಜ ಉದ್ದ. ಚೆಂಡು ಹಿಡಿದ ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು ಅವಕಾಶ, ಇಲ್ಲದಿದ್ದರೆ ಚೆಂಡು ಎದುರಾಳಿಗೆ. ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್, 6 ಪಾಯಿಂಟ್. ಹೈಸ್ಕೂಲಿನಲ್ಲಿ 12 ನಿಮಿಷದ ನಾಲ್ಕು ಭಾಗ. ಚೆಂಡು ಹಿಡಿದವನ ಮಂಡಿ ನೆಲ ಮುಟ್ಟಿತೋ, ಆ ಅವಕಾಶ ಅಲ್ಲಿಗೆ ಮುಗಿಯಿತು, ಆದರೆ ಗಡಿಯಾರ ಓಡುತ್ತಲೇ ಇರುತ್ತದೆ. ಅಂದರೆ ಮುಂದಿರುವ ತಂಡ ಸುಮ್ನೆ ಮಂಡಿ ಊರುತ್ತಾ ಉಳಿದ ಸಮಯ ಕಳೆದುಬಿಡಬಹುದು. ಕಡಿಮೆ ಅಂತರದಲ್ಲಿ ಮುಂದಿದ್ದಾಗ ಇದು ಜಾಣತನ. ಚೆಂಡು ಕೈಜಾರುವ ಭಯ ಇರುವುದಿಲ್ಲ. 35 ಪಾಯಿಂಟ್ ಮುಂದಿದ್ದಾಗ ಜಾರಿದರೂ ಏನೂ ಕೆಡುವುದಿಲ್ಲ. ಆಗ ಊರುವ ಮಂಡಿ ಪೂರ್ತಿ ಎದುರಿನ ಹುಡುಗರ ಮಾನಕ್ಕಾಗಿ.

ಇದನ್ನು ನಿರ್ಧರಿಸುವುದು ಹುಡುಗ ಅಲ್ಲ, ಕೋಚ್. ಕ್ರೀಡಾಮನೋಭಾವ ಅಂದ ಕೂಡಲೇ ನಾವು ಆಟಗಾರರ ಕಡೆ ನೋಡುತ್ತೇವೆ. ಆದರೆ ಈ ಆಟದಲ್ಲಿ ಪ್ರತಿ ಅವಕಾಶಕ್ಕೂ ಏನು ಮಾಡಬೇಕು, ಯಾರು ಒಳಗೆ, ಯಾರು ಹೊರಗೆ ಅಂತ ಅಂಚಿನಲ್ಲಿ ನಿಂತವರು ಹೇಳುತ್ತಾರೆ. ಹಾಗಾಗಿ ಕೋಚ್‌ನ ಗುಣ ಬಚ್ಚಿಡೋಕೆ ಜಾಗವೇ ಇಲ್ಲ. ಸಾವಿರಾರು ಜನ ಲೈಟಿನ ಕೆಳಗೆ ಕೂತು ನೋಡುತ್ತಿರುತ್ತಾರೆ, ಈ ಮನುಷ್ಯ ಗೆದ್ದ ಮೇಲೆ ಏನು ಮಾಡುತ್ತಾನೆ ಅಂತ.

ಊರಿಗೆ ಇದರಲ್ಲಿ ಯಾಕಿಷ್ಟು ಆಸಕ್ತಿ ಅಂತೀರಾ? 11 ಜನರ ಫುಟ್‌ಬಾಲ್ ಆಡುವ ಹೈಸ್ಕೂಲ್ ಮಕ್ಕಳೇ ಆ ದೇಶದಲ್ಲಿ ಸುಮಾರು 10 ಲಕ್ಷ. ಶುಕ್ರವಾರದ ರಾತ್ರಿ ಅವರ ಪಾಲಿನದು ಅಂತ ಕಾನೂನೇ ಒಂದು ರೀತಿಯಲ್ಲಿ ಒಪ್ಪಿಕೊಂಡಿದೆ. 1961ರಲ್ಲಿ ಬಂದ ಕ್ರೀಡಾ ಪ್ರಸಾರ ಕಾಯ್ದೆಯಲ್ಲಿ ವೃತ್ತಿಪರ ಫುಟ್‌ಬಾಲ್ ಲೀಗಿಗೆ ಟಿವಿ ಹಕ್ಕನ್ನು ಒಟ್ಟಾಗಿ ಮಾರುವ ರಿಯಾಯಿತಿ ಕೊಟ್ಟರು, 1966ರಲ್ಲಿ ಅದಕ್ಕೆ ಹೈಸ್ಕೂಲ್ ಆಟಗಳ ಪರವಾಗಿ ಒಂದು ಷರತ್ತನ್ನೂ ಸೇರಿಸಿದರು. ಸೆಪ್ಟೆಂಬರ್ ಎರಡನೇ ಶುಕ್ರವಾರದಿಂದ ಡಿಸೆಂಬರ್ ಎರಡನೇ ಶನಿವಾರದವರೆಗೆ, ಶುಕ್ರವಾರ ಸಂಜೆ 6ರ ಮೇಲೆ, ಹೈಸ್ಕೂಲ್ ಆಟ ನಡೆಯುವ ಜಾಗದ 75 ಮೈಲಿ ಒಳಗಿನ ಸ್ಟೇಷನ್ನಿನಿಂದ ಆಟ ತೋರಿಸಿದರೆ ಆ ರಿಯಾಯಿತಿ ಸಿಗುವುದಿಲ್ಲ. ಕೋಟಿಗಟ್ಟಲೆ ದುಡ್ಡಿನ ಲೀಗು ಹೈಸ್ಕೂಲ್ ಮಕ್ಕಳಿಗಾಗಿ ವಾರದ ಒಂದು ರಾತ್ರಿ ಬಿಟ್ಟುಕೊಟ್ಟು ಕೂತಿದೆ, ನಂಬ್ತೀರಾ?

ಟೆಕ್ಸಸ್‌ನಲ್ಲಂತೂ ಇದು ಇನ್ನೂ ಜಾಸ್ತಿ. ನಮ್ಮವರು ತುಂಬ ಜನ ಮನೆ ಮಾಡಿಕೊಂಡಿರುವ ಪ್ಲೇನೋ, ಫ್ರಿಸ್ಕೋ ಪಕ್ಕದಲ್ಲೇ ಆಲೆನ್ ಅಂತ ಊರಿದೆ. ಅಲ್ಲಿನ ಹೈಸ್ಕೂಲಿಗೆ 2012ರಲ್ಲಿ 6 ಕೋಟಿ ಡಾಲರ್ ಖರ್ಚಿನಲ್ಲಿ 18,000 ಜನ ಕೂರುವ ಸ್ಟೇಡಿಯಂ ಕಟ್ಟಿದರು. ಎರಡೇ ವರ್ಷಕ್ಕೆ ಕಾಂಕ್ರೀಟು ಬಿರುಕು ಬಿಟ್ಟು 2014ರಲ್ಲಿ ಬೀಗ ಹಾಕಬೇಕಾಯಿತು, ರಿಪೇರಿಯಾಗಿ ಮರುವರ್ಷ ತೆರೆಯಿತು, ಅದು ಬೇರೆ ಕತೆ.

ಮ್ಯಾಚಿನ ದಿನ ಅಂಗಡಿ ಗಾಜಿನ ಮೇಲೆ ತಂಡದ ಹೆಸರು ಬರೆದಿರುತ್ತಾರೆ. ಆಡುವ ಹುಡುಗರ ಮನೆ ಮುಂದೆ ಅವರ ನಂಬರಿನ ಬೋರ್ಡು. ಹೋಮ್‌ಕಮಿಂಗ್ ಅಂತ ವರ್ಷಕ್ಕೊಂದು ವಾರ ಹಳೆ ವಿದ್ಯಾರ್ಥಿಗಳೆಲ್ಲ ಊರಿಗೆ ಬರುತ್ತಾರೆ. ಆಗ ಟೆಕ್ಸಸ್‌ನ ಹುಡುಗಿಯರು ಎದೆಗೆ 'ಮಮ್' ಚುಚ್ಚಿಕೊಳ್ಳುತ್ತಾರೆ. ಮಮ್ ಅಂದರೆ ಏನು ಗೊತ್ತಾ? ನಮ್ಮ ಸೇವಂತಿಗೆ! ಮೊದಲು ನಿಜವಾದ ಹೂವಂತೆ, ಈಗ ಬಟ್ಟೆಯ ಹೂವು, ಸುತ್ತ ರಿಬ್ಬನ್ನು, ಗಂಟೆ, ಪುಟಾಣಿ ಕರಡಿ. ಕೆಲವರದು ಮಂಡಿ ತನಕ ಇಳಿಬಿದ್ದಿರುತ್ತದೆ. ಅಣ್ಣನ ಮಗಳು ತನ್ನದನ್ನು ತೋರಿಸಿ "ಹೇಗಿದೆ ಚಿಕ್ಕಪ್ಪ?" ಅಂದಾಗ ನನಗೆ ಉತ್ಸವ ಮೂರ್ತಿಯ ಅಲಂಕಾರವೇ ನೆನಪಾಯಿತು.

ಇಷ್ಟೆಲ್ಲದರ ನಡುವೆ ನಿಂತಿರುವ ಮನುಷ್ಯನಿಗೆ ಊರಿನಲ್ಲಿ ಹೆಸರೇ ಇರುವುದಿಲ್ಲ. ಬರೀ 'ಕೋಚ್'. ದಿನಸಿ ಅಂಗಡಿಯಲ್ಲೂ ಕೋಚ್, ಚರ್ಚಿನಲ್ಲೂ ಕೋಚ್. ನಲವತ್ತು ದಾಟಿದ ಹಳೇ ಆಟಗಾರ ದಾರಿಯಲ್ಲಿ ಸಿಕ್ಕರೂ ಹೆಸರು ಹಿಡಿದು ಕರೆಯುವುದಿಲ್ಲ. ನಮ್ಮ ಊರುಗಳಲ್ಲಿ 'ಮೇಷ್ಟ್ರು' ಅಂದರೆ ಯಾರು ಅಂತ ಎಲ್ಲರಿಗೂ ಗೊತ್ತಿರುತ್ತಿತ್ತಲ್ಲ, ಹಾಗೆ. ನಿಜ ಹೇಳಬೇಕಂದರೆ ಹೆಚ್ಚಿನ ಕೋಚ್‌ಗಳು ಮೇಷ್ಟ್ರುಗಳೇ. ಬೆಳಗ್ಗೆ ಇತಿಹಾಸವೋ ಗಣಿತವೋ ವ್ಯಾಯಾಮವೋ ಪಾಠ, ಮಧ್ಯಾಹ್ನದ ಮೇಲೆ ಅಭ್ಯಾಸ, ರಾತ್ರಿ ಎದುರಾಳಿಯ ಹಳೆ ಆಟದ ವಿಡಿಯೋ ನೋಡುವುದು. ಈಗ ವಿಡಿಯೋ ಎಲ್ಲ ಹಡಲ್ ಅನ್ನುವ ಆ್ಯಪಿನಲ್ಲಿ ಸಿಗುತ್ತದೆ. ಮೊದಲೆಲ್ಲ ಎರಡೂ ತಂಡದ ಕೋಚ್‌ಗಳು ಕಾರು ಹತ್ತಿ ಅರ್ಧ ದಾರಿಯಲ್ಲಿ ಭೇಟಿಯಾಗಿ ಟೇಪು ಬದಲಾಯಿಸಿಕೊಳ್ಳುತ್ತಿದ್ದರು. ಮುಂದಿನ ವಾರ ತನ್ನನ್ನು ಸೋಲಿಸಬೇಕಾದವನ ಕೈಗೆ ತನ್ನ ಗುಟ್ಟನ್ನೇ ಕೊಟ್ಟು ಬರುವುದು! ಇದೂ ಕ್ರೀಡಾಮನೋಭಾವವೇ, ಯಾರೂ ಚಪ್ಪಾಳೆ ಹೊಡೆಯದ ಜಾತಿಯದು.

ದುಡ್ಡಿನ ಮಾತು ಬೇಗ ಮುಗಿಸುತ್ತೇನೆ. ಹಲವು ರಾಜ್ಯಗಳಲ್ಲಿ ಕೋಚಿಂಗಿಗೆ ಸಿಗುವುದು ಮೇಷ್ಟ್ರ ಸಂಬಳದ ಮೇಲೆ ಸೀಸನ್ನಿಗೆ ಕೆಲವು ಸಾವಿರ ಡಾಲರ್ ಮಾತ್ರ. ಗಂಟೆಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕಿದರೆ ಬೇಸರವಾಗುತ್ತದೆ. ಟೆಕ್ಸಸ್‌ನ ದೊಡ್ಡ ಶಾಲೆಗಳಲ್ಲಿ ಮುಖ್ಯ ಕೋಚ್‌ಗೆ ವರ್ಷಕ್ಕೆ 1 ಲಕ್ಷ ಡಾಲರ್ ದಾಟುವುದುಂಟು. ಅಲ್ಲಿ ಕುರ್ಚಿಯೂ ಅಷ್ಟೇ ಬಿಸಿ. ಎರಡು ವರ್ಷ ಸೋತರೆ ಕೋಚ್ ಮನೆ ಅಂಗಳದಲ್ಲಿ ರಾತ್ರೋರಾತ್ರಿ 'ಮನೆ ಮಾರಾಟಕ್ಕಿದೆ' ಅನ್ನುವ ಬೋರ್ಡು ನೆಟ್ಟು ಹೋಗುವುದು ಅಲ್ಲಿನ ಹಳೇ ಕುಚೋದ್ಯ. ಅಂದರೆ ಕೋಚ್ ಇರುವುದು ಇಕ್ಕಟ್ಟಿನಲ್ಲಿ. ಗೆಲ್ಲಲೇಬೇಕು ಅಂತ ಊರು ಕೇಳುತ್ತದೆ. ಗೆದ್ದ ಮೇಲೆ ಒಳ್ಳೆಯವನಾಗಿಯೂ ಇರು ಅಂತಲೂ ಅದೇ ಊರು ಕೇಳುತ್ತದೆ.

ಈ ಎರಡನೆಯದು ಅಂದುಕೊಂಡಷ್ಟು ಸುಲಭ ಅಲ್ಲ. 2013ರ ಅಕ್ಟೋಬರ್‌ನಲ್ಲಿ ಟೆಕ್ಸಸ್‌ನ ಅಲೀಡೋ ಹೈಸ್ಕೂಲು ಫೋರ್ಟ್ ವರ್ತ್‌ನ ವೆಸ್ಟರ್ನ್ ಹಿಲ್ಸ್ ಶಾಲೆಯನ್ನು 91–0 ಅಂತರದಲ್ಲಿ ಸೋಲಿಸಿತು. 91! ಸೋತ ಹುಡುಗನೊಬ್ಬನ ಪೋಷಕರು ಅಲೀಡೋ ಕೋಚ್ ಟಿಮ್ ಬುಕಾನನ್ ಮೇಲೆ ದೂರು ಕೊಟ್ಟರು. ಏನಂತ? ಮಕ್ಕಳನ್ನು ಪೀಡಿಸಿದರು ಅಂತ. ಟಿವಿಗಳಲ್ಲಿ ದೊಡ್ಡ ಗಲಾಟೆಯಾಯಿತು. ಅಂಕಿ ನೋಡಿದರೆ ಯಾರಿಗಾದರೂ ಆ ಪೋಷಕರ ಕಡೆಗೇ ಮನಸ್ಸು ವಾಲುತ್ತದೆ, ಅಲ್ವಾ?

ಆದರೆ ಒಳಗೆ ಹೋಗಿ ನೋಡಿ. ಬುಕಾನನ್ ಮುಖ್ಯ ಆಟಗಾರರನ್ನು ಬೇಗನೆ ಹೊರಗೆ ಕರೆದಿದ್ದರು. ಮಾಮೂಲಿಯಾಗಿ ನಡುನಡುವೆ ನಿಲ್ಲುವ ಗಡಿಯಾರವನ್ನು ಮೂರನೇ ಭಾಗದಿಂದ ನಿಲ್ಲಿಸದೆ ಓಡಿಸೋಕೆ ಒಪ್ಪಿದ್ದರು. ಟೆಕ್ಸಸ್‌ನಲ್ಲಿ 11 ಜನರ ಆಟವನ್ನು ಇಷ್ಟು ಅಂತರವಾದರೆ ನಿಲ್ಲಿಸಬೇಕು ಅನ್ನುವ ನಿಯಮ ಆಗ ಇರಲೇ ಇಲ್ಲ. ಸೋತ ತಂಡದ ಕೋಚ್ ಜಾನ್ ನೇಯ್ಲರ್ ಸ್ವತಃ ಎದುರಾಳಿಗಳ ನಡವಳಿಕೆಯಲ್ಲಿ ತಪ್ಪಿಲ್ಲ ಅಂದರು. ಅಲ್ಲಿನ ಶಾಲೆಗಳನ್ನು ನಡೆಸುವ ಆಡಳಿತ ವಿಚಾರಣೆ ನಡೆಸಿ ಪೀಡನೆ ಆಗಿಲ್ಲ ಅಂತ ತೀರ್ಮಾನಿಸಿತು.

ತೊಡಕು ಎಲ್ಲಿದೆ ಅಂದರೆ ಬೆಂಚಿನಲ್ಲಿ. ದೊಡ್ಡ ಶಾಲೆಯ ತಂಡದಲ್ಲಿ 70–80 ಹುಡುಗರಿರುತ್ತಾರೆ. ಅದರಲ್ಲಿ ಅರ್ಧಕ್ಕರ್ಧ ಮಕ್ಕಳು ಆಗಸ್ಟಿನ ಉರಿ ಬಿಸಿಲಿನಲ್ಲಿ ಎಲ್ಲರ ಜೊತೆ ಒದ್ದಾಡಿ, ಶುಕ್ರವಾರ ರಾತ್ರಿ ಮಾತ್ರ ಅಂಚಿನಲ್ಲಿ ನಿಂತಿರುತ್ತಾರೆ. ಇಂಥ ಏಕಪಕ್ಷೀಯ ಆಟದ ಕೊನೆಯ ಭಾಗವೇ ಅವರ ವರ್ಷದ ಹಬ್ಬ. ಅಜ್ಜ ಅಜ್ಜಿ ಬಂದು ಕೂತಿರುತ್ತಾರೆ. ಆ ಹುಡುಗನ ಕೈಗೆ ಚೆಂಡು ಬಂತು, ಮುಂದೆ ದಾರಿ ಖಾಲಿ. ಅವನಿಗೆ "ಓಡಬೇಡ, ಬಿದ್ದುಬಿಡು" ಅನ್ನುವುದು ಹೇಗೆ? ಎದುರಿನವರಿಗೂ ಅದು ಮರ್ಯಾದೆ ಅಲ್ಲ. ನಿಮ್ಮನ್ನು ಆಟಕ್ಕೇ ಲೆಕ್ಕವಿಲ್ಲ ಅಂದ ಹಾಗಾಗುತ್ತದೆ. ನನ್ನ ಪ್ರಕಾರ ಇಲ್ಲಿ ಕೋಚ್‌ಗೆ ಉಳಿಯುವ ದಾರಿ ಇಷ್ಟೇ. ಎರಡನೇ, ಮೂರನೇ ಸಾಲಿನವರನ್ನು ಇಳಿಸು, ಚೆಂಡು ಎಸೆಯುವುದು ನಿಲ್ಲಿಸು, ಗಡಿಯಾರ ಓಡಿಸು, ಇಳಿದ ಹುಡುಗ ಮಾತ್ರ ಮನಸಾರೆ ಆಡಲಿ. ಕೊನೆಯ ಎರಡು ನಿಮಿಷಕ್ಕೆ ಮಂಡಿ.

ಇದನ್ನೆಲ್ಲ ಕೋಚ್‌ನ ವಿವೇಕಕ್ಕೆ ಬಿಡುವುದು ಬೇಡ, ನಿಯಮವನ್ನೇ ಮಾಡೋಣ ಅಂದವರೂ ಇದ್ದಾರೆ. ಕನೆಕ್ಟಿಕಟ್ ರಾಜ್ಯದಲ್ಲಿ 2006ರಲ್ಲಿ 50 ಪಾಯಿಂಟಿಗಿಂತ ಹೆಚ್ಚು ಅಂತರದಲ್ಲಿ ಗೆದ್ದ ಕೋಚ್‌ಗೆ ಒಂದು ಆಟದ ಅಮಾನತು ಅಂತ ತಂದರು. ಗೆದ್ದಿದ್ದಕ್ಕೆ ಶಿಕ್ಷೆ! ದೇಶವೆಲ್ಲ ನಕ್ಕಿತು. ಈಗ ಅನೇಕ ರಾಜ್ಯಗಳು ಹಿಡಿದಿರುವ ದಾರಿ ಇದಕ್ಕಿಂತ ಸರಳ. ಅಂತರ ಒಂದು ಮಟ್ಟ ದಾಟಿದರೆ, ಸಾಮಾನ್ಯವಾಗಿ ದ್ವಿತೀಯಾರ್ಧದಲ್ಲಿ 35 ಪಾಯಿಂಟಿನ ಆಸುಪಾಸು, ಗಡಿಯಾರ ನಿಲ್ಲುವುದಿಲ್ಲ.

ಇನ್ನು ಆರು ಜನರ ಫುಟ್‌ಬಾಲ್ ಅಂತ ಒಂದಿದೆ. 11 ಹುಡುಗರು ಸಿಗದ ಪುಟ್ಟ ಹಳ್ಳಿ ಶಾಲೆಗಳಿಗಾಗಿ 1934ರಲ್ಲಿ ನೆಬ್ರಾಸ್ಕಾದಲ್ಲಿ ಸ್ಟೀಫನ್ ಎಪ್ಲರ್ ಅನ್ನುವ ಕೋಚ್ ಹುಟ್ಟುಹಾಕಿದ್ದು. ಮೈದಾನ 80 ಗಜ. ಪಶ್ಚಿಮ ಟೆಕ್ಸಸ್‌ನ ಹತ್ತಿ ಹೊಲಗಳ ಮಧ್ಯೆ ಇವತ್ತಿಗೂ ಜೋರಾಗಿ ನಡೆಯುತ್ತದೆ. ಅದರಲ್ಲಿ ಅರ್ಧ ಆಟ ಆದಮೇಲೆ ಅಂತರ 45 ಆಯಿತೋ, ಅಲ್ಲಿಗೆ ಆಟ ಬಂದ್. ಮುಚ್ಚುಮರೆ ಏನಿಲ್ಲ. ಹುಡುಗರು "ನಮಗೆ ನಲವತ್ತೈದು ಬಿತ್ತು" ಅಂತಲೇ ಹೇಳಿಕೊಂಡು ಬಸ್ಸು ಹತ್ತುತ್ತಾರೆ.

ನಿಯಮಕ್ಕೆ ಸಿಗದ ಕತೆಯೂ ಒಂದಿದೆ. ಇದೂ ಟೆಕ್ಸಸ್‌ನದೇ. ಗೇನ್ಸ್‌ವಿಲ್ ಸ್ಟೇಟ್ ಸ್ಕೂಲ್ ಅಂತ ಇದೆ, ಓಕ್ಲಹೋಮ ಗಡಿ ಹತ್ತಿರ. ಹೆಸರಿಗೆ ಶಾಲೆ, ನಿಜಕ್ಕೆ ಅಪರಾಧ ಮಾಡಿದ ಹುಡುಗರನ್ನು ಇಡುವ ಜಾಗ. ಆಗ ಒಳ್ಳೆಯ ನಡತೆ ತೋರಿಸಿದವರು ಫುಟ್‌ಬಾಲ್ ಆಡಬಹುದಿತ್ತು. ಎಲ್ಲ ಆಟವೂ ಬೇರೆಯವರ ಮೈದಾನದಲ್ಲೇ. ಕಾವಲುಗಾರರ ಜೊತೆ ಬರುತ್ತಿದ್ದರು, ಆಡುತ್ತಿದ್ದರು, ವಾಪಸ್ಸು. ಅವರ ಕಡೆಯ ಗ್ಯಾಲರಿ ಖಾಲಿ. ಯಾರು ಬರಬೇಕು ಹೇಳಿ?

2008ರ ನವೆಂಬರ್‌ನಲ್ಲಿ ಇವರ ಆಟ ಗ್ರೇಪ್‌ವೈನ್ ಫೇಯ್ತ್ ಅನ್ನುವ ಖಾಸಗಿ ಶಾಲೆಯ ಜೊತೆ ಇತ್ತು. ಅಲ್ಲಿನ ಕೋಚ್ ಕ್ರಿಸ್ ಹೋಗನ್ ತಮ್ಮ ಕಡೆಯ ಪೋಷಕರಿಗೆಲ್ಲ ಒಂದು ಕೋರಿಕೆ ಕಳಿಸಿದರು. ನಿಮ್ಮಲ್ಲಿ ಅರ್ಧ ಜನ ಆ ದಿನ ಎದುರು ಗ್ಯಾಲರಿಯಲ್ಲಿ ಕೂತು ಅವರ ಹುಡುಗರಿಗೆ ಕೂಗಬೇಕು ಅಂತ. ಜನ ಮೊದಲು ತಬ್ಬಿಬ್ಬಾದರು. ಆಮೇಲೆ ಮಾಡಿದರು, ಬರೀ ಕೂತಿದ್ದಲ್ಲ. ಗೇನ್ಸ್‌ವಿಲ್ ಹುಡುಗರು ಮೈದಾನಕ್ಕೆ ಬರುವಾಗ ಎರಡು ಸಾಲಾಗಿ ನಿಂತರು, ಅದು 40 ಗಜ ಉದ್ದದ ಸಾಲು. ಕೊನೆಗೆ ಹರಿದುಕೊಂಡು ಓಡೋಕೆ ಅವರ ತಂಡದ ಹೆಸರಿನದೇ ಬ್ಯಾನರ್. ಚಿಯರ್‌ಲೀಡರ್ ಹುಡುಗಿಯರೂ ಅರ್ಧ ಈ ಕಡೆ. ಜನರ ಕೈಯಲ್ಲಿ ಆ ಹುಡುಗರ ಹೆಸರಿನ ಪಟ್ಟಿ ಇತ್ತು, ಹೆಸರು ಹಿಡಿದು ಕೂಗುತ್ತಿದ್ದರು. ಅದುವರೆಗೆ ಆ ಮಕ್ಕಳ ಹೆಸರನ್ನು ಜೋರಾಗಿ ಕೂಗಿದವರು ಯಾರಿದ್ದರೋ, ಯಾಕೆ ಕೂಗಿದ್ದರೋ ಯೋಚನೆ ಮಾಡಿ.

ಆಟ 33–14 ಅಂತ ಫೇಯ್ತ್ ಗೆದ್ದಿತು. ಇಲ್ಲಿ ಗಮನಿಸಬೇಕಾದ್ದು ಇದೇ. ಹೋಗನ್ ಆಟವನ್ನು ಬಿಟ್ಟುಕೊಡಲಿಲ್ಲ. ಗೆಲುವು ತಮ್ಮಲ್ಲೇ ಇಟ್ಟುಕೊಂಡರು, ಅಭಿಮಾನಿಗಳನ್ನು ಹಂಚಿದರು. ಸೋತ ಹುಡುಗರು ಮಾತ್ರ ಗೆದ್ದವರ ಹಾಗೆ ತಮ್ಮ ಕೋಚ್ ಮೇಲೆ ನೀರು ಚಿಮ್ಮಿಸಿ ಕುಣಿದರು. ಬಸ್ಸು ಹತ್ತುವಾಗ ಪ್ರತಿಯೊಬ್ಬನ ಕೈಗೂ ಒಂದು ಚೀಲ ಸಿಕ್ಕಿತು. ಒಳಗೆ ಬರ್ಗರು, ಆಲೂ ಫ್ರೈ, ಬೈಬಲ್ಲು, ಫೇಯ್ತ್ ತಂಡದ ಹುಡುಗನೊಬ್ಬ ಬರೆದ ಪತ್ರ.

ಇದನ್ನು ಓದಿ ಕಣ್ಣು ಒದ್ದೆ ಮಾಡಿಕೊಳ್ಳುವುದು ಸುಲಭ. ನಾನೂ ಮಾಡಿಕೊಂಡೆ. ಆದರೆ ಬಿಟ್ಟುಬಿಡಬಾರದ ಅಂಶ, ಒಬ್ಬ ಕೋಚ್ ಹೇಳಿದರು ಅಂತ ನೂರಾರು ಜನ ತಮ್ಮ ಸ್ವಂತ ಮಕ್ಕಳ ವಿರುದ್ಧ ಕೂಗೋಕೆ ಒಪ್ಪಿದರು. ಅಷ್ಟು ಮಾತು ನಡೆಯಬೇಕಾದರೆ ಅದಕ್ಕೂ ಮುಂಚೆ ವರ್ಷಗಟ್ಟಲೆ ಆ ಮನುಷ್ಯ ಏನೋ ಗಳಿಸಿರಬೇಕು.

ಹಾಗೆ ಗಳಿಸಿದ್ದು ಎಷ್ಟು ದೂರ ಬರುತ್ತದೆ ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಅಯೋವಾ ರಾಜ್ಯದ ಪಾರ್ಕರ್ಸ್‌ಬರ್ಗ್. ಮೆಕ್ಕೆಜೋಳದ ಹೊಲಗಳ ಮಧ್ಯೆ ಎರಡು ಸಾವಿರ ಜನ ಕೂಡ ಇಲ್ಲದ ಊರು. ಎಡ್ ಥಾಮಸ್ 1975ರಿಂದ ಅಲ್ಲಿ ಕೋಚ್. ಅವರ ಒಟ್ಟು ಲೆಕ್ಕ 292 ಗೆಲುವು, 84 ಸೋಲು. ಆ ಪುಟ್ಟ ಶಾಲೆಯಿಂದ ನಾಲ್ಕು ಹುಡುಗರು ವೃತ್ತಿಪರ ಲೀಗಿಗೆ ಹೋದರು. ಆರನ್ ಕ್ಯಾಂಪ್‌ಮನ್, ಬ್ರಾಡ್ ಮೀಸ್ಟರ್, ಕೇಸಿ ವೀಗ್‌ಮನ್, ಜ್ಯಾರೆಡ್ ಡಿವ್ರೀಸ್. 2005ರಲ್ಲಿ ಲೀಗು ಅವರನ್ನು ವರ್ಷದ ಹೈಸ್ಕೂಲ್ ಕೋಚ್ ಅಂತ ಗೌರವಿಸಿತು. ಇಷ್ಟು ದೊಡ್ಡ ಹೆಸರಿನ ಮನುಷ್ಯ ಮೈದಾನದ ಹುಲ್ಲಿಗೆ ತಾವೇ ನೀರು ಬಿಡುತ್ತಿದ್ದರು, ಗೊಬ್ಬರ ಹಾಕುತ್ತಿದ್ದರು, ಗೆರೆ ಎಳೆಯುತ್ತಿದ್ದರು. ಊರಿನವರು ಆ ಮೈದಾನವನ್ನು 'ಪವಿತ್ರ ಎಕರೆ' ಅಂತ ಕರೆಯುತ್ತಿದ್ದರು, ಅರ್ಧ ತಮಾಷೆಗೆ, ಅರ್ಧ ನಿಜಕ್ಕೆ.

2008ರ ಮೇ 25, ಭಾನುವಾರ. ಸುಂಟರಗಾಳಿ ಬಂತು, ಅತಿ ಭೀಕರ ದರ್ಜೆಯದು. ಆ ಗಾಳಿಗೆ ಸುತ್ತಮುತ್ತ ಸೇರಿ 9 ಜನ ಸತ್ತರು. ನೂರಾರು ಮನೆ ನೆಲಸಮ, ಅದರಲ್ಲಿ ಥಾಮಸ್ ಅವರದೂ ಒಂದು. ಹೈಸ್ಕೂಲು ಹೋಯಿತು. ಮೈದಾನದ ಹುಲ್ಲಿನ ತುಂಬ ಗಾಜಿನ ಚೂರು, ಮೊಳೆ, ಮುರಿದ ಮರ. ಥಾಮಸ್ ಹೇಳಿದ್ದು ಒಂದೇ, ಈ ವರ್ಷದ ಆಟ ಇಲ್ಲೇ, ಇದೇ ಮೈದಾನದಲ್ಲಿ. ಮನೆ ಕಳೆದುಕೊಂಡವರ ಮುಂದೆ ಫುಟ್‌ಬಾಲ್ ಮಾತಾಡುವುದಾ ಅಂತ ಅನ್ನಿಸಬಹುದು. ಆದರೆ ಜನ ಬಂದರು. ಸಾಲಾಗಿ ನಿಂತು, ಹುಲ್ಲಿನ ಮೇಲೆ ಕಣ್ಣು ನೆಟ್ಟು ನಡೆಯುತ್ತಾ, ಚೂರು ಚೂರು ಆರಿಸಿದರು. ಬತ್ತದಲ್ಲಿ ಕಲ್ಲು ಆರಿಸಿದ ಹಾಗೆ. ಯಾಕೆಂದರೆ ಅಲ್ಲಿ ಬೀಳುವುದು ಅವರದೇ ಮಕ್ಕಳ ಮೊಣಕೈ, ಮಂಡಿ. ಸುಮಾರು 100 ದಿನಕ್ಕೆ, ಸೆಪ್ಟೆಂಬರ್‌ನಲ್ಲಿ, ಅಲ್ಲೇ ಲೈಟು ಹಾಕಿ ಮೊದಲ ಆಟ ಆಡಿದರು.

ಮರುವರ್ಷ, 2009ರ ಜೂನ್ 24ರ ಬೆಳಗ್ಗೆ, ಹುಡುಗರು ಕಸರತ್ತು ಮಾಡುತ್ತಿದ್ದಾಗ ಅವರ ಕಣ್ಣೆದುರೇ ಥಾಮಸ್ ಅವರನ್ನು ಒಬ್ಬ ಗುಂಡಿಟ್ಟು ಕೊಂದ. ಕೊಂದವನು ಅವರದೇ ಹಳೆಯ ಆಟಗಾರ, ತೀವ್ರ ಮಾನಸಿಕ ಕಾಯಿಲೆ ಇದ್ದವನು. ಅವನ ತಂದೆ ತಾಯಿ ಥಾಮಸ್ ಮನೆಯವರಿಗೆ ಪರಿಚಿತರು, ಒಂದೇ ಚರ್ಚಿಗೆ ಹೋಗುತ್ತಿದ್ದವರು.

ಆ ದಿನವೇ ಥಾಮಸ್ ಅವರ ಮಗ ಆರನ್ ಜನರ ಮುಂದೆ ಬಂದು, ನಮಗಾಗಿ ಪ್ರಾರ್ಥಿಸುವವರು ಆ ಮನೆಯವರಿಗಾಗಿಯೂ ಪ್ರಾರ್ಥಿಸಿ ಅಂತ ಕೇಳಿಕೊಂಡರು. ಅಪ್ಪ ಸತ್ತು ಇನ್ನೂ ಸಂಜೆಯಾಗಿರಲಿಲ್ಲ ಅನ್ನುವಷ್ಟು ಹೊತ್ತಿಗೆ. ಇದನ್ನು ಅವರಿಗೆ ಯಾರು ಕಲಿಸಿದ್ದು ಅಂತ ಬಿಡಿಸಿ ಹೇಳಬೇಕಾ? ಎರಡು ಮನೆ ಮಧ್ಯೆ ಗೋಡೆ ಏಳಬಹುದಿತ್ತು, ಊರೇ ಎರಡಾಗಬಹುದಿತ್ತು. ಆಗಲಿಲ್ಲ. ಆರನ್ ಮುಂದೆ ಅಪ್ಪ ದುಡಿದ ಶಾಲೆಗೇ ಕ್ರೀಡಾ ನಿರ್ದೇಶಕರಾಗಿ ಬಂದರು. 2010ರಲ್ಲಿ ಈ ಕುಟುಂಬಕ್ಕೆ ಟೆನಿಸ್ ಆಟಗಾರ ಆರ್ಥರ್ ಆ್ಯಶ್ ಹೆಸರಿನ ಧೈರ್ಯ ಪ್ರಶಸ್ತಿ ಕೊಟ್ಟರು.

ಎಲ್ಲರ ಕತೆಯೂ ಹೀಗಿರುವುದಿಲ್ಲ, ಇರಲೂಬಾರದು. ಊರು ಕೋಚ್‌ನನ್ನು ನೆನೆಯುವುದು ಸಾಮಾನ್ಯವಾಗಿ ಗೆದ್ದ ಲೆಕ್ಕದಿಂದಲೇ. 9 ಸಲ ರಾಜ್ಯ ಪಟ್ಟ ಗೆದ್ದ ಗಾರ್ಡನ್ ವುಡ್ ಹೆಸರಿನ ಸ್ಟೇಡಿಯಂ ಟೆಕ್ಸಸ್‌ನ ಬ್ರೌನ್‌ವುಡ್‌ನಲ್ಲಿದೆ. ದಕ್ಷಿಣ ಕೆರೊಲಿನಾದ ಸಮರ್‌ವಿಲ್‌ನಲ್ಲಿ ಜಾನ್ ಮೆಕಿಸಿಕ್ 1952ರಿಂದ 2014ರವರೆಗೆ ಒಂದೇ ಶಾಲೆಯಲ್ಲಿ ಇದ್ದು 621 ಆಟ ಗೆದ್ದರು. ಒಂದೇ ಶಾಲೆಯಲ್ಲಿ 60 ವರ್ಷ ದಾಟಿದ ಮನುಷ್ಯ ಅಜ್ಜನಿಗೂ ಕೋಚ್, ಮೊಮ್ಮಗನಿಗೂ ಕೋಚ್ ಆಗುವಷ್ಟು ಕಾಲ ಅದು.

ಕೋಚ್ ಅಂದರೆ ದೇವರು ಅಂತ ನಂಬಿಬಿಡುವುದೂ ತಪ್ಪು. ಬಿಸಿಲಿನಲ್ಲಿ ನೀರು ಕೊಡದೆ ಓಡಿಸುವುದು, ತಲೆಗೆ ಪೆಟ್ಟು ಬಿದ್ದ ಹುಡುಗನನ್ನು 'ಗಂಡಸಾಗು' ಅಂತ ಮತ್ತೆ ಇಳಿಸುವುದು, ಇವೆಲ್ಲ ಆ ಆಟದಲ್ಲಿ ಬಹಳ ಕಾಲ ಶಿಸ್ತು ಅನ್ನಿಸಿಕೊಂಡಿದ್ದವು. 2006ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಒಬ್ಬ ಹುಡುಗ ತಲೆಗೆ ಪೆಟ್ಟು ಬಿದ್ದ ಮೇಲೂ ಆಡಿ, ಆಮೇಲೆ ಕುಸಿದುಬಿದ್ದ, ಚೇತರಿಸಿಕೊಳ್ಳೋಕೆ ವರ್ಷಗಟ್ಟಲೆ ಒದ್ದಾಡಿದ. ಅವನ ಹೆಸರಿನಲ್ಲೇ 2009ರಲ್ಲಿ ಅಲ್ಲಿ ಕಾನೂನು ಬಂತು. ಪೆಟ್ಟಿನ ಅನುಮಾನ ಬಂದರೆ ಆಚೆ ಕೂರಿಸಬೇಕು, ವೈದ್ಯರು ಬರೆದುಕೊಡದೆ ಮತ್ತೆ ಇಳಿಸುವ ಹಾಗಿಲ್ಲ. ಕೆಲವೇ ವರ್ಷದಲ್ಲಿ ಎಲ್ಲ 50 ರಾಜ್ಯಗಳೂ ಇಂಥ ಕಾನೂನು ತಂದವು. ಓದಿನ ವಿಷಯದಲ್ಲೂ ಹಾಗೇ. 1984ರಲ್ಲಿ ಟೆಕ್ಸಸ್ 'ಪಾಸಾಗದಿದ್ದರೆ ಆಟವಿಲ್ಲ' ಅಂತ ನಿಯಮ ತಂದಾಗ ಕೋಚ್‌ಗಳೇ ಜೋರಾಗಿ ವಿರೋಧ ಮಾಡಿದ್ದರು. ಯಾವುದಾದರೂ ವಿಷಯದಲ್ಲಿ 70ಕ್ಕಿಂತ ಕಡಿಮೆ ಬಂದರೆ ಆರು ವಾರ ಹೊರಗೆ. ಆಮೇಲೆ ಅದನ್ನು ಮೂರು ವಾರಕ್ಕೆ ಇಳಿಸಿದರು. ಈಗ ಅದೇ ಕೋಚ್‌ಗಳು ಹುಡುಗರ ಮಾರ್ಕ್ಸ್ ಹಿಡಿದುಕೊಂಡು ಗಣಿತದ ಟೀಚರ್ ಹಿಂದೆ ಓಡಾಡುತ್ತಾರೆ, ಟ್ಯೂಷನ್‌ಗೆ ಕೂರಿಸುತ್ತಾರೆ.

ಗ್ಯಾಲರಿಯಲ್ಲಿ ಕೂತವರ ಕತೆ ಬೇಡವೇ? 2018ರಿಂದ ಮೂರು ನಾಲ್ಕು ವರ್ಷದಲ್ಲಿ ಹೈಸ್ಕೂಲ್ ಆಟಗಳ ಸುಮಾರು 50,000 ಅಂಪೈರ್, ರೆಫ್ರಿಗಳು ಕೆಲಸ ಬಿಟ್ಟಿದ್ದಾರೆ ಅಂತ ಅಲ್ಲಿನ ರಾಷ್ಟ್ರೀಯ ಒಕ್ಕೂಟವೇ ಹೇಳಿತು. ಕೋವಿಡ್ ಒಂದು ಕಾರಣ. ಇನ್ನೊಂದು ದೊಡ್ಡ ಕಾರಣ ಪೋಷಕರ ಬೈಗುಳ. ನಾನು ಕೂತಿದ್ದ ಸಾಲಿನಲ್ಲೇ ಒಬ್ಬರು ಮೊದಲರ್ಧ ಪೂರ್ತಿ ರೆಫ್ರಿಯ ಕಣ್ಣಿನ ಬಗ್ಗೆ ಕೂಗುತ್ತಿದ್ದರು. ಕೋಚ್ ಮಾತ್ರ ರೆಫ್ರಿ ಹತ್ತಿರ ಹೋಗಿ, ಟೋಪಿ ಸರಿ ಮಾಡಿಕೊಂಡು, ಏನೋ ಕೇಳಿ, ತಲೆಯಾಡಿಸಿ ವಾಪಸ್ಸು ಬಂದರು. ಅದನ್ನು ನೋಡಿದ ಮೇಲೆ ಆ ವ್ಯಕ್ತಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಸ್ವಲ್ಪ ಹೊತ್ತು ಅಷ್ಟೆ.

ಆಟ ಮುಗಿದ ಮೇಲೆ ಎರಡೂ ತಂಡ ಸಾಲಾಗಿ ನಿಂತು ಕೈ ಮುಟ್ಟಿಸುತ್ತಾ ಹೋದವು. ನಮ್ಮ ಕೋಚ್ ಸೋತ ತಂಡದ ಕೊನೆಯ ಹುಡುಗನ ತನಕ ನಿಂತಿದ್ದರು. ಆಮೇಲೆ ಬ್ಯಾಂಡಿನ ಮಕ್ಕಳ ಹತ್ತಿರ ಹೋಗಿ ಟೋಪಿ ಎತ್ತಿದರು. ಅಣ್ಣನ ಮಗಳು ಕಾರಿನಲ್ಲಿ ಹೇಳಿದಳು, "ಪ್ರತಿ ವಾರ ಬರ್ತಾರೆ ಚಿಕ್ಕಪ್ಪ. ಸೋತ ವಾರವೂ ಬರ್ತಾರೆ."

ಆ ಕೋಚ್‌ನನ್ನು ಹತ್ತಿರದಿಂದ ನೋಡಿದ್ದು ಮುಂದಿನ ಗುರುವಾರ. ಆಟದ ಹಿಂದಿನ ಸಂಜೆ ತಂಡಕ್ಕೆ ಪೋಷಕರು ಸರದಿ ಪ್ರಕಾರ ಊಟ ಹಾಕುತ್ತಾರೆ. ಪಕ್ಕದ ಮನೆ ಹುಡುಗ ತಂಡದಲ್ಲಿದ್ದಾನೆ, ಅವರ ಸರದಿ ಬಂದಾಗ ಅತ್ತಿಗೆಯೂ ಒಂದು ದೊಡ್ಡ ಅಲ್ಯೂಮಿನಿಯಂ ಟ್ರೇ ತುಂಬ ಚಿತ್ರಾನ್ನ ಮಾಡಿದರು. "ಈ ಹುಡುಗರು ಮುಟ್ಟಲ್ಲ ಬಿಡಿ, ಪಿಜ್ಜಾ ಇದೆಯಲ್ಲ" ಅಂತ ದಾರಿಯುದ್ದಕ್ಕೂ ಗೊಣಗುತ್ತಿದ್ದರು. ಅಲ್ಲಿ ನೋಡಿದರೆ ಮೊದಲು ಹುಡುಗರು, ಆಮೇಲೆ ನೀರಿನ ಬಾಟಲಿ ಹೊರುವ ಮಕ್ಕಳು, ಆಮೇಲೆ ಸಹಾಯಕ ಕೋಚ್‌ಗಳು. ಕೋಚ್ ಸಾಲಿನ ಕಟ್ಟಕಡೆಗೆ, ಖಾಲಿ ತಟ್ಟೆ ಹಿಡಿದು ನಿಂತಿದ್ದರು. ಅವರು ಬರುವ ಹೊತ್ತಿಗೆ ಟ್ರೇನಲ್ಲಿ ಉಳಿದಿದ್ದು ಎರಡು ಕಡಲೆಬೀಜ, ಒಂದು ಕರಿಬೇವಿನ ಎಲೆ. ಅವರು ಆ ಎರಡು ಬೀಜ ಬಾಯಿಗೆ ಹಾಕಿಕೊಂಡು, ಅತ್ತಿಗೆ ಕಡೆ ತಿರುಗಿ, ತುಂಬ ಚೆನ್ನಾಗಿತ್ತಂತೆ ಅಂದರು.

ಅದಾದ ಮೇಲೆ ಪಕ್ಕದ ಮನೆಯವರ ಸರದಿ ಬಂದಾಗಲೆಲ್ಲ ಅತ್ತಿಗೆ ಮೊದಲೇ ಒಂದು ಡಬ್ಬಿಗೆ ತೆಗೆದಿಟ್ಟು, ಮುಚ್ಚಳದ ಮೇಲೆ ಪೆನ್ನಿನಲ್ಲಿ 'ಕೋಚ್' ಅಂತ ಬರೆದು ಕಳಿಸುತ್ತಾರೆ.